ಹಾಡಬಾರದ ವರ್ಷ

೧೯೨೭ ನವೆಂಬರ್ ೧೨, ಶನಿವಾರ

ಇವತ್ತು ನನ್ನ ಗಂಡನನ್ನು ಮಣ್ಣು ಮಾಡಿ ಬಂದೆವು. ಊಟ ಮುಗಿಸಿ ಎಲ್ಲರೂ ಹೋದ ಮೇಲೆ ಅತ್ತೆ ಸ್ಟೂಲು ಹತ್ತಿ ಗೋಡೆಯ ಮೇಲಿದ್ದ, ಅವನು ಮೀಟಿ ಹಾಡುತ್ತಿದ್ದ ತಂಬುರಿಯನ್ನು ಇಳಿಸಿದರು. ಒಂದೊಂದೇ ಬಿರಡೆ ತಿರುವಿ ತಂತಿಗಳನ್ನೆಲ್ಲ ಸಡಿಲ ಮಾಡಿದರು. ಅದನ್ನು ಮತ್ತೆ ಮುಖ ಗೋಡೆಯ ಕಡೆಗಿರುವಂತೆ ತೂಗುಹಾಕಿ, ಕನ್ನಡಿಗೆ ಕರಿ ಬಟ್ಟೆ ಹೊದಿಸಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ನಮ್ಮಲ್ಲಿ ಬಾಡಿಗೆಗಿದ್ದ ಗಂಡಸರಿಗೆಲ್ಲ ಕೇಳುವಂತೆ ಹೇಳಿದರು.

"ಒಂದು ವರ್ಷ ಈ ಮನೇಲಿ ಹಾಡಿಲ್ಲ, ಬಾರಿಸೋದಿಲ್ಲ, ಸಿಳ್ಳೆ ಹಾಕೋದೂ ಇಲ್ಲ. ಆಗಲ್ಲ ಅನ್ನೋರು ಈಗಲೇ ಗಂಟುಮೂಟೆ ಕಟ್ಟಿ."

ಯಾರೂ ಕಟ್ಟಲಿಲ್ಲ. ನನ್ನ ಎಲೆಕೋಸಿನ ಸುರುಳಿ ತಿಂದು ರೂಢಿಯಾದವರು ಎಲ್ಲಿಗೆ ಹೋಗುತ್ತಾರೆ? ಅಷ್ಟಕ್ಕೂ ಈ ಮನೆಯಲ್ಲಿ ಹಾಡಿದ್ದಾದರೂ ಯಾವಾಗ? ಹಗಲು ಪಾಳಿಯವರು ಎದ್ದು ಉಕ್ಕಿನ ಕಾರ್ಖಾನೆಗೆ ಹೋದರೆ, ಅದೇ ಬೆಚ್ಚಗಿನ ಹಾಸಿಗೆಗೆ ರಾತ್ರಿ ಪಾಳಿಯವರು ಬಂದು ಬೀಳುತ್ತಾರೆ. ಯಾವ ಹೊತ್ತಿನಲ್ಲಿ ನೋಡಿದರೂ ಯಾರೋ ಒಬ್ಬರು ನಿದ್ದೆಯಲ್ಲಿರುತ್ತಾರೆ. ಮದುವೆಯಾದ ಮೊದಲ ವಾರವೇ ನಾನು ಗೋಯ್ಕೊಗೆ ಹೇಳಿದ್ದೆ, ಹಾಡೋದಿದ್ದರೆ ಹೊರಗೆ ಅಂತ. ಅವನು ಹೊರಗೇ ಹಾಡಿದ. ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ, ಸೋಡಾ ಅಂಗಡಿ ಎಂಬ ಬೋರ್ಡಿನ ಹಿಂದೆ ಕದ್ದು ಸಾರಾಯಿ ಮಾರುವ ಕೋಣೆಗಳಲ್ಲಿ. ಊರಿಗೆ ಉಪಕಾರಿ, ಮನೆಗೆ ಮಾರಿ. ಕೊನೆಗೆ ಒಂದು ಮದುವೆಯಲ್ಲಿ ಬೆವರುವಷ್ಟು ಹಾಡಿ, ಕೋಟಿನ ಗುಂಡಿ ಹಾಕದೆ, ಕಡಲಿನಂಥ ನಮ್ಮ ಕೆರೆಯ ಗಾಳಿಯಲ್ಲಿ ನಡೆದು ಬಂದು ಮಲಗಿದವನು ಏಳಲಿಲ್ಲ.

ಒಂದು ಮಾತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಇವತ್ತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಟೋಪಿ ತೆಗೆದ ತಲೆಗಳಿದ್ದವು. ನಾನು ಎಂದೂ ಕಾಣದ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. ನಮ್ಮ ದಕ್ಷಿಣ ಶಿಕಾಗೊದಲ್ಲಿ ಇಷ್ಟು ಸರ್ಬಿಯದವರು ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. ತಂತಿ ಕೆರೆಯುವ ಒಬ್ಬನಿಗಾಗಿ ಇಷ್ಟೊಂದು ಜನವೇ?

ಡಿಸೆಂಬರ್ ೧೭

ನಲವತ್ತನೆಯ ದಿನದ ಪೂಜೆ. ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ಗುಡ್ಡ ಮಾಡಿ, ನಡುವೆ ಮೇಣದಬತ್ತಿ ನಿಲ್ಲಿಸಿ ಚರ್ಚಿಗೆ ಹೊತ್ತುಕೊಂಡು ಹೋದೆವು.

ಊಟಕ್ಕೆ ಕೂತಾಗ ಒಬ್ಬ ಎದ್ದು ಬಂದು ನನ್ನ ಕೈ ಹಿಡಿದುಕೊಂಡ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯವನಂತೆ, ಇದಕ್ಕೆಂದೇ ರೈಲು ಹತ್ತಿ ಬಂದಿದ್ದಾನೆ. ಅವನ ಉಗುರಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗುವಂಥದ್ದಲ್ಲ.

"ನಿನ್ನ ಗಂಡ ನನ್ನ ಮದುವೇಲಿ ಹಾಡಿದ್ದ ತಾಯಿ. ಆಮೇಲೊಂದು ಸಲ ಗಣಿ ಕುಸೀತು. ಕತ್ತಲಲ್ಲಿ ಕೂತಿದ್ವಿ. ಪ್ರಾರ್ಥನೆ ಎಲ್ಲ ಮುಗಿದುಹೋಯ್ತು. ಆಗ ಅವನ ಹಾಡನ್ನ ಮನಸ್ಸಲ್ಲೇ ಮೊದಲಿಂದ ಕೊನೆತನಕ ಹಾಡ್ಕೊಂಡೆ. ಮುಗಿದ್ರೆ ಮತ್ತೆ ಮೊದಲಿಂದ. ಅಗೆದು ಹೊರಗೆ ತೆಗೆಯೋವರೆಗೂ ಅದೇ."

ಯಾವ ಹಾಡು ಎಂದು ಕೇಳಬೇಕೆನಿಸಿತು. ಹೆಂಡತಿಯಾದವಳು ಹಾಗೆ ಕೇಳಿದರೆ ಏನೆಂದುಕೊಂಡಾನು ಎಂದು ಸುಮ್ಮನಾದೆ. ಭೂಮಿಯ ಕೆಳಗೆ ಒಬ್ಬ ಮನುಷ್ಯನನ್ನು ಜೀವ ಹಿಡಿದು ಕೂರಿಸಿದ ದನಿ ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ದಿನ ಅವನು ಕೆಲಸ ತಪ್ಪಿಸಿ ತ್ರಿಫೂನನ ಜೊತೆ ಪೇಟೆಗೆ ಹೋಗಿದ್ದ. ತ್ರಿಫೂನ್ ಅವರ ಮೇಳದಲ್ಲಿ ಆಳೆತ್ತರದ ದೊಡ್ಡ ತಂಬುರಿ ಬಾರಿಸುವವನು, ನಮ್ಮ ಮದುವೆಗೆ ಸಾಕ್ಷಿ ನಿಂತವನು. ಗೋಯ್ಕೊ ಸಂಜೆ ಬಂದು ಎರಡು ಬಟ್ಟಲು ಹುರುಳಿ ಸಾರು ಕುಡಿದು, "ಇವತ್ತು ಯಂತ್ರದ ಮುಂದೆ ಹಾಡ್ದೆ ಕಣೇ, ಪ್ಲೇಟು ಮಾಡ್ತಾರಂತೆ" ಅಂದ. ಎಷ್ಟು ಹೊತ್ತು ಹಾಡಿದೆ ಅಂದೆ. ಮೂರು ನಿಮಿಷ ಅಂದ. "ಮೂರು ನಿಮಿಷಕ್ಕೆ ಒಂದು ದಿನದ ಕೆಲಸ ಬಿಟ್ಯಾ?" ಅಂದೆ. ನಕ್ಕ. ಆಮೇಲೆ ಆ ಮಾತು ಬರಲಿಲ್ಲ.

೧೯೨೮ ಜನವರಿ ೭

ನಮ್ಮ ಹಳೆಯ ಪಂಚಾಂಗದ ಕ್ರಿಸ್ಮಸ್. ಪ್ರತಿ ಹಬ್ಬಕ್ಕೆ ಹಾಸುವ ಹಾಗೆ ಈ ವರ್ಷ ನೆಲಕ್ಕೆ ಹುಲ್ಲು ಹಾಸಲಿಲ್ಲ. ಬಾಡಿಗೆಯವರು ಪಿಸುಮಾತಿನಲ್ಲಿ ಹಬ್ಬ ಹೇಳಿಕೊಂಡರು. ಬರೆಯಲು ಏನೂ ಇಲ್ಲ.

ಫೆಬ್ರವರಿ ೧೪

ತ್ರಿಫೂನ್ ಬಂದಿದ್ದ. ಬಾಗಿಲಲ್ಲೇ ನಿಂತ. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ಟವೆಲಿನಲ್ಲಿ ಸುತ್ತಿದ ಏನೋ. ಅಷ್ಟು ದೊಡ್ಡ ಆಳು, ಕಾಲು ಬದಲಿಸುತ್ತ ನಿಂತಿದ್ದ.

"ಬಂತು ಯೆಕಾ ಅಜ್ಜಿ" ಅಂದ ಅತ್ತೆಗೆ. "ಪ್ಲೇಟು. ಪೇಟೆ ಅಂಗಡೀಲಿ ಇವತ್ತು ಇಟ್ರು. ಮೊದಲನೇದು ನಿಮಗೇ ಅಂತ ತಂದೆ."

"ಇದ್ರಲ್ಲಿ ಯಾರಿದಾರೆ?"

"ಗೋಯ್ಕೊ."

"ಗೋಯ್ಕೊ ಮಣ್ಣಲ್ಲಿದಾನೆ" ಅಂದರು ಅತ್ತೆ.

ಆದರೂ ಕೈ ಒರೆಸಿಕೊಂಡು ಟವೆಲು ಬಿಚ್ಚಿದರು. ಕರಿಯ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರು. ಮೂಸಿ ನೋಡಿದರು. ಬೆರಳ ತುದಿಯಿಂದ ಮೆಲ್ಲಗೆ ಸವರಿದರು. ಹಳೆಯ ದೇಶದಲ್ಲಿ, ಲೀಕಾದ ಬೆಟ್ಟದ ಕಲ್ಲುಹೊಲದಲ್ಲಿ ಎತ್ತು ಹಿಡಿದು ಬೆಳೆದ ಹೆಂಗಸು ಅವರು.

"ಇಷ್ಟು ಸಣ್ಣ ಸಾಲು" ಅಂದರು. "ಯಾರು ಉತ್ತಿದ್ದೋ ಇದನ್ನ? ಒಂದೂ ಸೊಟ್ಟ ಆಗಿಲ್ಲ."

"ಅದು ಅವನ ದನಿ ಅಜ್ಜಿ. ದನಿಯೇ ಹಾಗೆ ಉಳುತ್ತೆ."

ನಾನೂ ಬಗ್ಗಿ ನೋಡಿದೆ. ಕೂದಲೆಳೆಗಿಂತ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ನಾನು ಹೊರಗೆ ಕಳಿಸಿದ್ದ ದನಿ ಇದರೊಳಗೆ ಕೂತು ಮನೆಯೊಳಗೆ ಬಂದಿತ್ತು.

ತ್ರಿಫೂನ್ ಮೆಲ್ಲಗೆ, "ಬೇಕರಿ ಪೆರ್ಸಾ ಹತ್ರ ಗ್ರಾಮಫೋನ್ ಇದೆ, ಕೇಳಿ ತರ್ಲಾ?" ಅಂದ.

"ಈ ಮನೇಲಿ ಒಂದು ವರ್ಷ ಹಾಡಿಲ್ಲ ಅಂದಿದೀನಿ."

"ಹಾಡೋನು ಅವನೇ ಅಲ್ವಾ ಅಜ್ಜಿ? ಅವನ ಸಾವಿಗೆ ಅವನೇ..."

"ಯಾರು ಹಾಡಿದ್ರೂ ಹಾಡೇ" ಅಂದರು. ಪ್ಲೇಟನ್ನು ಮತ್ತೆ ಸುತ್ತಿ ಸಂತ ನಿಕೊಲಾನ ಪಟದ ಹಿಂದೆ ಇಟ್ಟರು. "ನವೆಂಬರ್ ಬರಲಿ."

ನನ್ನ ಅತ್ತೆ ಒಂದು ಮಾತು ಆಡಿದರೆ ಕಲ್ಲಿನಲ್ಲಿ ಕೊರೆದ ಹಾಗೆ. ನವೆಂಬರ್ ಬರಲಿ.

ಫೆಬ್ರವರಿ ೨೯

ಇವತ್ತು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಓಣಿಯಾಚೆ ಪೆರ್ಸಾಳ ಬೇಕರಿ. ಒಲೆಯ ಸೆಕೆಗೆ ಅವರು ಚಳಿಗಾಲದಲ್ಲೂ ಹಿಂದಿನ ಬಾಗಿಲು ತೆರೆದಿರುತ್ತಾರೆ. ಅಲ್ಲಿಂದ ತಂಬುರಿಗಳು ಶುರುವಾದವು, ಮೊದಲು ಸಣ್ಣವು, ಆಮೇಲೆ ತ್ರಿಫೂನನ ದೊಡ್ಡದು. ಆಮೇಲೆ ಅವನು.

*ಉಪ್ಪಿಲ್ಲದ ಕಡಲೇ, ಓ ದೊಡ್ಡ ನೀರೇ,*
*ನಮ್ಮವ್ವನ ಬಾವಿಯ ಸುದ್ದಿಯ ತಾರೇ...*

ಒದ್ದೆ ಅಂಗಿ ಕೈಯಲ್ಲೇ ಹೆಪ್ಪುಗಟ್ಟಿತು. ಅಷ್ಟರಲ್ಲಿ ಪೆರ್ಸಾ ನನ್ನನ್ನು ಕಂಡಳು. "ಅಯ್ಯೋ ದೇವರೇ, ಸ್ಮಿಲ್ಯಾ!" ಎಂದು ಕಿರುಚಿ ಗ್ರಾಮಫೋನಿನ ಮುಳ್ಳು ಎತ್ತಿ ಬಾಗಿಲು ಧಡ್ ಎಂದು ಹಾಕಿದಳು. ಸ್ವಲ್ಪ ಹೊತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ತಪ್ಪಾಯ್ತು ಕಣೇ, ನೀನು ದುಃಖದಲ್ಲಿರೋಳು, ನಿನ್ನ ಕಿವಿಗೆ ಬೀಳಬಾರದಿತ್ತು" ಎಂದು ಅತ್ತಳು.

ಪರವಾಗಿಲ್ಲ ಅಂದೆ. ಕದ ಹಾಕಿದ್ದಕ್ಕೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಯಾಕೆ ಹಾಗೆನಿಸಿತೋ.

ಮಾರ್ಚ್ ೧೦

ಈಸ್ಟರಿನ ಉಪವಾಸ ನಡೆಯುತ್ತಿದೆ. ಈ ಬೀದಿಯವರು ಮಾಂಸ ಬಿಟ್ಟಿದ್ದಾರೆ, ಬೆಣ್ಣೆ ಬಿಟ್ಟಿದ್ದಾರೆ, ಗೋಯ್ಕೊನನ್ನು ಮಾತ್ರ ಬಿಟ್ಟಿಲ್ಲ. ಮನೆಮನೆಯಲ್ಲೂ ಅದೇ ಪ್ಲೇಟು. ಆದರೆ ನನ್ನ ಕರಿ ತಲೆವಸ್ತ್ರ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಜೀರುಂಡೆಯ ಹತ್ತಿರ ಹೋದರೆ ಅದು ಸುಮ್ಮನಾಗುವುದಿಲ್ಲವೇ, ಹಾಗೆ. ಇಡೀ ದಕ್ಷಿಣ ಶಿಕಾಗೊ ನನ್ನ ಗಂಡನನ್ನು ಕೇಳುತ್ತಿದೆ, ನನ್ನೊಬ್ಬಳನ್ನು ಬಿಟ್ಟು. ನನ್ನ ಮೇಲಿನ ಮರ್ಯಾದೆಯಿಂದಲೇ!

ಈಗ ಅಂಗಡಿಗೆ ಬಳಸು ದಾರಿಯಲ್ಲಿ ಹೋಗುತ್ತಿದ್ದೇನೆ, ನೇರ ದಾರಿಯಲ್ಲಿ ಕೆಸರು. ಬಳಸು ದಾರಿಯಲ್ಲಿ ನಮ್ಮವರ ಸಮಾಜದ ಸಭಾಭವನ ಸಿಗುತ್ತದೆ. ಅಲ್ಲಿನ ಮುದುಕರಿಗೆ ಕಣ್ಣು ಮಂದ, ನನ್ನನ್ನು ಕಾಣುವುದು ತಡ. ಇವತ್ತು ಅಲ್ಲಿ ಹಾಡಿನ ನಡುವಿನ ಸಾಲು ಕೇಳಿತು.

*ಹಗಲಲ್ಲಿ ಮಲಗುವರು, ಇರುಳಲ್ಲಿ ಮಲಗುವರು,*
*ಯಾರ ನಿದ್ದೆಯ ಕೆಡಿಸಿ ಹಾಡಲಿ ನಾನು...*

ಬುಟ್ಟಿ ಕೆಳಗಿಟ್ಟೆ. ಇದು ನಮ್ಮ ಮನೆ. ನಮ್ಮ ಐದು ಹಾಸಿಗೆ, ನಮ್ಮ ಶ್‌ಶ್‌ಶ್! ಅವನು ಯಾವುದೋ ಹಳೆಯ ದೇಶದ ಗಿಳಿ, ಗುಲಾಬಿ ಎಂದು ಹಾಡುತ್ತಾನೆಂದುಕೊಂಡಿದ್ದೆ. ನಮ್ಮ ಮನೆಯನ್ನೇ ಎತ್ತಿಕೊಂಡು ಹೋಗಿ ಹಾಡು ಮಾಡಿದ್ದಾನೆ. ಅದನ್ನು ಜನ ಟೋಪಿ ತೆಗೆದು ಕೇಳುತ್ತಿದ್ದಾರೆ. ಇಂಥದ್ದೂ ಸಾಧ್ಯವೇ ಎಂದು ನಡುಬೀದಿಯಲ್ಲಿ ಬೆರಗಾಗಿ ನಿಂತೆ. ಆಗ ಒಳಗೆ ಯಾರೋ ನನ್ನನ್ನು ಕಂಡರು, ಕಿಟಕಿ ಮುಚ್ಚಿತು.

ಬ್ರೆಡ್ಡಿಗೆ ಹೋದಾಗ ಪೆರ್ಸಾ, "ಏನೇ, ತುಟಿ ಅಲ್ಲಾಡ್ತಿದೆ?" ಅಂದಳು. ಪ್ರಾರ್ಥನೆ ಅಂದೆ. ನಾನು ಹಾಡುವವಳೂ ಅಲ್ಲ, ನನಗೆ ಹಾಡಲೂ ಬರುವುದಿಲ್ಲ.

"ಅದರ ಕೊನೆ ಏನಿದೆ?" ಅಂತ ಮಾತ್ರ ಕೇಳಿದೆ. "ಎಲ್ಲರೂ ನಡುವಲ್ಲೇ ನಿಲ್ಲಿಸ್ತೀರಲ್ಲ."

ಪೆರ್ಸಾ ಕಣ್ಣು ತಪ್ಪಿಸಿ ಬ್ರೆಡ್ಡು ಕಟ್ಟುತ್ತ, "ಆ ಕಡೆ ಪ್ಲೇಟು ಸವೆದುಹೋಗಿದೆ, ಸರಿ ಕೇಳಲ್ಲ" ಅಂದಳು. ತಿಂಗಳಾಗಿಲ್ಲ, ಅಷ್ಟರಲ್ಲಿ ಸವೆಯಿತಂತೆ.

ಮಾರ್ಚ್ ೨೨

ಅತ್ತೆಗೆ ಕಿವಿ ಕೇಳಿಸುತ್ತಿಲ್ಲ.

ಕೆಲವು ದಿನದಿಂದ ಸಂಶಯವಿತ್ತು. ಹಾಲು ಉಕ್ಕಿ ಒಲೆಗೆ ಸುರಿದು ಚುರ್ ಅಂದರೂ ಬೆನ್ನು ತಿರುಗಿಸಿ ಕೂತಿದ್ದರು. ಕಾರ್ಖಾನೆಯ ಕೂಗಿಗೆ ಏಳುತ್ತಿದ್ದವರು ಈಗ ನಾನು ಮುಟ್ಟಿದರೆ ಏಳುತ್ತಾರೆ. ಇವತ್ತು ಹಿಂದೆ ನಿಂತು ಬಾಣಲೆ ಕೆಳಗೆ ಹಾಕಿದೆ. ಮೇಲಿನ ಕೋಣೆಯಲ್ಲಿ ಮಲಗಿದ್ದವರೆಲ್ಲ ಎದ್ದು ಬೈದರು. ಅತ್ತೆ ಆಲೂಗಡ್ಡೆ ಸುಲಿಯುತ್ತಲೇ ಇದ್ದರು.

ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಎಡಗಿವಿ ಪೂರ್ತಿ ಹೋಗಿದೆ, ಬಲದ್ದು ಹೋಗುತ್ತಿದೆ, ಬೇಸಿಗೆಯ ಒಳಗೆ ಏನೂ ಉಳಿಯಲಿಕ್ಕಿಲ್ಲ ಎಂದರು. ಹೊರಗೆ ಬಂದ ಮೇಲೆ ಅತ್ತೆ ನನ್ನ ತೋಳು ಹಿಡಿದು, "ಯಾರಿಗೂ ಹೇಳಬೇಡ" ಅಂದರು.

ಈಗ ಮಾರ್ಚ್. ನವೆಂಬರ್ ಎಲ್ಲಿ, ಇದೆಲ್ಲಿ! ಪಟದ ಹಿಂದೆ ಮಗನ ದನಿ ಇದೆ. ಅದನ್ನು ಹೊರಗೆ ತೆಗೆಯುವ ದಿನಕ್ಕೆ ತಾಯಿಗೆ ಕಿವಿ ಇರುವುದಿಲ್ಲ. ಅವನು ಬಿಟ್ಟುಹೋದದ್ದು ಅದೊಂದೇ. ನಮಗೆ ಮಕ್ಕಳೂ ಇಲ್ಲ.

ಬಲಗಿವಿಗೆ ಬಾಯಿಟ್ಟು ಕೂಗಿದೆ. "ಅತ್ತೆ, ಈಗಲೇ ಕೇಳಿಬಿಡಿ! ಬಾಗಿಲು ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ!"

"ನನಗೆ ಗೊತ್ತಾಗುತ್ತಲ್ಲ" ಅಂದರು.

ಮಾರ್ಚ್ ೩೧

ಪಾದ್ರಿ ವಾಸಿಲಿಯೆ ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಗಡ್ಡ ನೀವುತ್ತ ಕೇಳಿದರು.

"ನೋಡು ತಾಯಿ, ಒಂದು ವರ್ಷ ಹಾಡಬಾರದು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಅದು ಜನರ ಕಟ್ಟಳೆ. ನಿಮ್ಮತ್ತೆ ನನಗಿಂತ ಕಟ್ಟುನಿಟ್ಟು. ಬೇಕಾದ್ರೆ ನಾನೇ ಬಂದು ಕೇಳಬಹುದು ಅಂತ ಹೇಳ್ತೀನಿ." ಆಮೇಲೆ ದನಿ ತಗ್ಗಿಸಿ, "ಚರ್ಚಿನ ನೆಲಮಾಳಿಗೇಲಿ ನಾನೂ ಒಂದು ಇಟ್ಕೊಂಡಿದೀನಿ. ದೇವರು ಕ್ಷಮಿಸ್ಲಿ, ಉಪವಾಸದಲ್ಲಿ ಎರಡು ಸಲ ಹಾಕ್ದೆ" ಅಂದರು.

ಬಂದರು, ಹೇಳಿದರು. ಅತ್ತೆ ಅವರ ಕೈಗೆ ಮುತ್ತಿಟ್ಟು, ಕಾಫಿ ಕೊಟ್ಟು, ಆಗುವುದಿಲ್ಲ ಎಂದು ಕಳಿಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟರೂ ಅತ್ತೆ ಕೊಡುತ್ತಿಲ್ಲ.

"ಯಾಕೆ ಅತ್ತೆ?" ಎಂದು ಕೂಗಿದೆ. ಸಿಟ್ಟು ನೆತ್ತಿಗೇರಿತ್ತು.

"ಅವನಪ್ಪ ಸತ್ತಾಗ ಒಂದು ವರ್ಷ ಪಾಲಿಸ್ದೆ, ಅಣ್ಣಂದಿರು ಯುದ್ಧದಲ್ಲಿ ಹೋದಾಗ್ಲೂ ಪಾಲಿಸ್ದೆ. ಇವನಿಗೆ ಕಮ್ಮಿ ಮಾಡ್ಲಾ? ಕೊಡೋಕೆ ನನ್ನ ಹತ್ರ ಬೇರೆ ಏನಿದೆಯೇ ಅವನಿಗೆ?"

ನಾನು ಪಾದ್ರಿ ಕುಡಿದಿಟ್ಟ ಕಾಫಿ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದೆ.

ಏಪ್ರಿಲ್ ೧೫, ಈಸ್ಟರ್

ಚರ್ಚಿನ ಅಂಗಳದಲ್ಲಿ ಎಲ್ಲರೂ ಕೆಂಪು ಮೊಟ್ಟೆ ಹಿಡಿದು ನಿಂತಿದ್ದೆವು. ಮುದುಕಿ ಮಾರ್ತಾ ನಮ್ಮ ಹತ್ತಿರ ಬಂದು ಅತ್ತೆಯ ಪಕ್ಕದಿಂದ, "ಕ್ರಿಸ್ತ ಎದ್ದ!" ಅಂದಳು. ಅದಕ್ಕೆ "ನಿಜಕ್ಕೂ ಎದ್ದ" ಎಂದು ಉತ್ತರ ಕೊಡದ ಸರ್ಬಿಯದವರು ಹುಟ್ಟಿಲ್ಲ. ಅತ್ತೆ ಎದುರಿಗೆ ನೋಡುತ್ತ ಸುಮ್ಮನೆ ನಿಂತಿದ್ದರು. ಮಾರ್ತಾ ಇನ್ನೊಮ್ಮೆ ಅಂದಳು. ಸುತ್ತಲಿನವರ ಮಾತು ನಿಂತಿತು.

"ಮಗ ಹೋದ ಅಂತ ದೇವರ ಮೇಲೆ ಮುನಿಸ್ಕೊಂಡ್ಯಾ ಯೆಕಾ?" ಎಂದು ಮಾರ್ತಾ ಕೆಂಪಾದಳು.

"ಕಿವಿ ಕೇಳಿಸಲ್ಲ ಅವರಿಗೆ!" ಎಂದು ನಾನು ಅರಚಿದೆ. ಅಂಗಳವೆಲ್ಲ ನನ್ನನ್ನು ನೋಡಿತು. ಆಗ ಅತ್ತೆಗೆ ಏನಾಯಿತೆಂದು ಹೊಳೆಯಿತು. ತಡವಾಗಿ, ತುಂಬಾ ಜೋರಾಗಿ, "ನಿಜಕ್ಕೂ ಎದ್ದ!" ಅಂದರು. ಮಾರ್ತಾ ಅವರನ್ನು ಅಪ್ಪಿಕೊಂಡು ಅತ್ತಳು. ಮನೆಗೆ ಬರುವವರೆಗೂ ಅತ್ತೆ ತಲೆ ಎತ್ತಲಿಲ್ಲ.

ಏಪ್ರಿಲ್ ೨೯

ಬಲಗಿವಿಯೂ ಹೋದ ಹಾಗೆಯೇ. ಅಂಟಿಕೊಂಡು ಕೂಗಿದರೆ ನಾಲ್ಕರಲ್ಲಿ ಒಂದು ಮಾತು ತಲುಪುತ್ತದೆ.

ಇವತ್ತು ಬಟಾಣಿ ಬಿಡಿಸುತ್ತ ಕೂತಿದ್ದಾಗ ತಡೆಯಲಾಗಲಿಲ್ಲ. ಕಿವಿಗೆ ಬಾಯಿಟ್ಟು ಹೇಳಿದೆ, ಒಂದೊಂದೇ ಮಾತು, ಮೂರು ಸಲ. "ಅವನ ಹಾಡಲ್ಲಿ ನೀವಿದೀರಿ. ನಮ್ಮವ್ವನ ಬಾವಿ ಅಂತ ಇದೆ. ಬಾವಿಯ ಸುದ್ದಿ ತಾ ಅಂತ ಕೆರೆಗೆ ಹೇಳ್ತಾನೆ."

ಅತ್ತೆಯ ಕೈಯಿಂದ ಬಟಾಣಿ ಉರುಳಿತು.

"ಬಾವಿ ಅಂದ್ನಾ?"

ಹೂಂ ಎಂದು ತಲೆ ಆಡಿಸಿದೆ.

"ಸಣ್ಣವನಿದ್ದಾಗ ಬಾವಿಗೆ ಬಿದ್ದಿದ್ದ ಕಣೇ. ನೀರು ಕಮ್ಮಿ ಇತ್ತು. ಹಗ್ಗ ತರೋಕೆ ಗಂಡಸ್ರು ಓಡಿದ್ರು. ಅವನು ತಳದಲ್ಲಿ ನಿಂತು ಕೂಗ್ತಿದ್ದ. ಆ ದನಿ! ಬಾವಿ ತುಂಬ್ಕೊಂಡು ಮೇಲೆ ಬರ್ತಿತ್ತು. ಅಂಥ ಭಯದಲ್ಲೂ ನನಗೆ, ಅಯ್ಯೋ ಇವನಿಗೆ ಎಂಥಾ ಗಂಟಲು ಕೊಟ್ಟಿದಾನಪ್ಪಾ ದೇವರು, ಅನ್ನಿಸಿಬಿಡ್ತು. ಬಗ್ಗಿ, ಇದೀನಿ ಕಣೋ, ಕೇಳಿಸ್ತಿದೆ ಕಣೋ ಅಂತ ಹೇಳ್ತಾನೇ ಇದ್ದೆ, ಮೇಲೆ ಎಳೆಯೋವರೆಗೂ."

ಆಮೇಲೆ ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡು, ಬಿಟ್ಟು, ಮತ್ತೆ ಮುಚ್ಚಿಕೊಂಡರು. ಯಾವ ವ್ಯತ್ಯಾಸವೂ ಇಲ್ಲವೆಂದು ಅವರ ಮುಖವೇ ಹೇಳಿತು.

"ಈಗ ಇನ್ನೂ ಆಳದಿಂದ ಕೂಗ್ತಿದಾನೆ. ನಾನು ಇದೀನಿ ಅನ್ನದೆ ಕೂತಿದೀನಿ."

ಒಲೆಯ ಮೇಲಿನ ಸಾರು ಸೀದುಹೋಯಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಅತ್ತೆ ತಲೆವಸ್ತ್ರದ ತುದಿಗೆ ಮೂಗೊರೆಸಿಕೊಂಡು, ಜಗಳಕ್ಕೆ ನಿಂತವರ ಹಾಗೆ ಹೇಳಿದರು. "ಈ ಮನೇಲಿ ಒಂದು ವರ್ಷ ಹಾಡಿಲ್ಲ. ಅದು ಅದೇ. ಆದ್ರೆ ಅವನೀಗ ಈ ಮನೇಲಿಲ್ಲ. ಅವನ ಮನೇಲಿ ಅವನು ಹಾಡ್ಕೊಂಡ್ರೆ ಬೇಡ ಅನ್ನೋಕೆ ನಾನು ಯಾರು? ಶನಿವಾರ ಆರು ತಿಂಗಳ ಪೂಜೆಗೆ ಗೋರಿಗೆ ಹೋಗ್ತೀವಲ್ಲ, ಪೆರ್ಸಾಗೆ ಆ ಪೆಟ್ಟಿಗೆ ತರೋಕೆ ಹೇಳು."

ಮೇ ೫, ಶನಿವಾರ

ಟ್ರಾಮಿನಲ್ಲಿ ಗ್ರಾಮಫೋನನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಪೆರ್ಸಾ, ಬೇಯಿಸಿದ ಗೋಧಿ ಹಿಡಿದು ನಾನು, ಪ್ಲೇಟನ್ನು ಎದೆಗೆ ಅವಚಿಕೊಂಡು ಅತ್ತೆ. ನಮ್ಮನ್ನು ಕಂಡು ಕಂಡಕ್ಟರು ಚೀಟಿ ಕೇಳುವುದನ್ನೇ ಮರೆತ.

ಸುದ್ದಿ ಹೇಗೆ ಹಬ್ಬಿತೋ, ಗೋರಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಪಾದ್ರಿ ಪ್ರಾರ್ಥನೆ ಮುಗಿಸಿ ವೈನು ಸುರಿದರು. ಎಲ್ಲರೂ ಒಂದೊಂದು ಚಮಚ ಗೋಧಿ ತಿಂದರು. ಪ್ಲಮ್ ಸಾರಾಯಿ ಕೈಯಿಂದ ಕೈಗೆ ದಾಟಿತು, ಎರಡು ಹನಿ ಗೋಯ್ಕೊಗೆ, ಉಳಿದದ್ದು ಕುಡಿದವರಿಗೆ. ಪಕ್ಕದ ಗೋರಿಯ ಚಪ್ಪಡಿಯ ಮೇಲೆ ಪೆಟ್ಟಿಗೆ ಇಟ್ಟು ತ್ರಿಫೂನ್ ಕೀ ಕೊಟ್ಟ. ಪೆರ್ಸಾ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು.

ಮುಳ್ಳು ಕೂತಿತು. ಬಯಲಿನಲ್ಲಿ ಅವನ ದನಿ ಎದ್ದಿತು. ಮುಚ್ಚುವುದಕ್ಕೆ ಅಲ್ಲಿ ಕಿಟಕಿಯೇ ಇರಲಿಲ್ಲ. ಅಷ್ಟು ಜನರ ಟೋಪಿಗಳು ಒಟ್ಟಿಗೆ ಇಳಿದವು. ನಾನು ಗೋರಿಯ ಶಿಲುಬೆಯನ್ನು ಹಿಡಿದುಕೊಂಡೆ.

ಅತ್ತೆ ಪೆಟ್ಟಿಗೆಯ ಕಹಳೆಗೆ ಬಲಗಿವಿ ಕೊಟ್ಟರು. ಎಡಗಿವಿ ಕೊಟ್ಟರು. ಮೊಣಕಾಲೂರಿ ಪೆಟ್ಟಿಗೆಗೆ ಹಣೆ ಒತ್ತಿದರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು. ತಲೆ ಎತ್ತಿ, "ಶುರುವಾಯ್ತಾ?" ಅಂದರು.

ತ್ರಿಫೂನ್ ಮುಳ್ಳು ಎತ್ತಿಬಿಟ್ಟ. ಗಂಡಸರು ನೆಲ ನೋಡಿದರು. ನವೆಂಬರೇನು, ಮೇ ತಿಂಗಳಿಗೇ ತಡವಾಗಿತ್ತು.

ಅತ್ತೆ ನಮ್ಮ ಮುಖ ನೋಡಿ ತಿಳಿದುಕೊಂಡರು. ಆದರೂ ಏಳಲಿಲ್ಲ. ಒಂದು ಅಂಗೈ ಪೆಟ್ಟಿಗೆಯ ಮೇಲೆ ಇಟ್ಟು, ಇನ್ನೊಂದು ಕೈಯಿಂದ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಅಗೆದು ಬಿತ್ತಿ ಒರಟಾದ ಆ ಕೈಯನ್ನು ನನ್ನ ತಲೆವಸ್ತ್ರದ ಗಂಟಿನ ಕೆಳಗೆ, ಗಂಟಲಿಗೆ ಇಟ್ಟರು.

"ಹಾಕು ಮತ್ತೆ" ಅಂದರು ತ್ರಿಫೂನನಿಗೆ. ನನಗೆ, "ಅವನು ಹೇಳಿದ್ದನ್ನ ನೀನು ಹೇಳು."

ಹಾಡು ಶುರುವಾಯಿತು. ಉಪ್ಪಿಲ್ಲದ ಕಡಲೇ, ಎಂದು ಹೇಳಿದೆ.

"ಮಾತಾಡ್ತೀಯಲ್ಲೇ! ಪೆಟ್ಟಿಗೆ ಅಲೆ ಹೊಡೀತಿದೆ, ನಿನ್ನ ಗಂಟಲು ಸುಮ್ಮನೆ ಕೂತಿದೆ. ಅವನು ಮಾತಾಡ್ತಿದಾನಾ?"

ಆರು ತಿಂಗಳಾಗದ ವಿಧವೆ ನಾನು, ತಲೆಯಿಂದ ಕಾಲಿನವರೆಗೆ ಕರಿ ಬಟ್ಟೆ, ಎದುರಿಗೆ ಇಡೀ ಊರು. ಹಾಡಿದೆ. ದನಿ ಬಾಗಿಲ ಕೀಲಿನ ಹಾಗೆ ಕಿರುಗುಟ್ಟಿತು. ಆದರೂ ಹಾಡಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಬಾವಿಯ ಸಾಲಿಗೆ ಬಂದಾಗ ಅತ್ತೆಯ ಬೆರಳು ನನ್ನ ಕೊರಳಲ್ಲಿ ಬಿಗಿಯಾಯಿತು. "ಇದೀನಿ ಕಣೋ" ಅಂದರು, ಪೆಟ್ಟಿಗೆಗೆ. "ಕೇಳಿಸ್ತಿದೆ ಕಣೋ." ಹಗಲಲ್ಲಿ ಮಲಗುವರು, ಇರುಳಲ್ಲಿ ಮಲಗುವರು, ಅದೂ ನನಗೆ ಬರುತ್ತಿತ್ತು. ಪ್ರತಿ ತಿರುವೂ ಬರುತ್ತಿತ್ತು. ಯಾವಾಗ ಕಲಿತೆನೋ ದೇವರಿಗೇ ಗೊತ್ತು. ನನ್ನ ದನಿಯೂ ಅವನ ದನಿಯೂ ಒಂದೇ ನೊಗಕ್ಕೆ ಬಿದ್ದವು. ಅವನು ಬದುಕಿದ್ದಾಗ ನಾವು ಹಾಗೆ ಒಟ್ಟಿಗೆ ಒಂದು ಮಾತೂ ಆಡಿರಲಿಲ್ಲ.

ಅಲ್ಲಿಂದ ಮುಂದೆ ನಾನು ಕೇಳಿರಲಿಲ್ಲ. ಅವನು ಒಂದು ಸಾಲು ಹಾಡಿದ ಮೇಲೆ ಹಿಂದಿನಿಂದ ನಾನು ಅದನ್ನೇ ಎತ್ತಿಕೊಂಡೆ.

*ಮನೆ ತುಂಬ ನಿದ್ದೆ, ಒಬ್ಬಳೇ ಎಚ್ಚರ,*
*ಎಲ್ಲರೂ ಕೇಳಿದರು, ಅವಳು ಕೇಳಿಲ್ಲ...*

ಅವಳು ಕೇಳಿಲ್ಲ ಎಂದು ನನ್ನ ಬಾಯಿಂದಲೇ ಹಾಡಿದ ಮೇಲೆ ತಿಳಿಯಿತು, ಅವಳು ಯಾರೆಂದು. ಊರೆಲ್ಲ ಕಿಟಕಿ ಮುಚ್ಚಿದ್ದು ಯಾಕೆಂದೂ ತಿಳಿಯಿತು. ಪೆರ್ಸಾ ಮುಖ ಮುಚ್ಚಿಕೊಂಡಿದ್ದಳು. ನನ್ನ ಗಂಟಲು ಅಲ್ಲೇ ನಿಂತುಹೋಯಿತು.

ಅತ್ತೆ ಒಂದು ಕೈಯಲ್ಲಿ ಮಗನನ್ನು ಹಿಡಿದುಕೊಂಡೇ ನನ್ನ ಕೊರಳನ್ನು ಅಲುಗಾಡಿಸಿದರು. ಕಿವುಡರ ದೊಡ್ಡ ದನಿಯಲ್ಲಿ, ಹೊಲದ ಆಚೆ ಬದುವಿನಿಂದ ಕೂಗುವವರ ಹಾಗೆ ಕೂಗಿದರು.

"ಯಾಕೆ ನಿಂತೆ? ಅವನು ಮುಂದೆ ಹೋಗ್ತಿದಾನೆ ಕಣೇ! ಓಡು, ಹಿಡಿ ಅವನನ್ನ!"

ನಾನು ಓಡಿದೆ.